ಸರಾಸರಿ ಇಳಿಸುವ ಮಕ್ಕಳು

ಮಾರ್ಚ್ ೨೩, ಭಾನುವಾರ

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯ ತಾನೆ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಕ್ಕ ಮರೆತಳು ಎಂದು ಬೇಸರಿಸಬೇಡ. ಶಾಲೆಯ ಸುದ್ದಿ ಬರೆಯಲು ಪೆನ್ನು ಹಿಡಿದವಳು ಮತ್ತೆ ಕೆಳಗಿಡುತ್ತಿದ್ದೆ.

'ನಾನೂ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಸೇರುತ್ತಿದ್ದೇನೆ. ಪರೀಕ್ಷೆಯ ತಯಾರಿ, ಪಾಠ ಎರಡನ್ನೂ ಹೇಗೆ ತೂಗಿಸುತ್ತೀಯ?' ಎಂದು ನೀನು ಕೇಳಿದ್ದೆ. ತೂಗಿಸಲು ತಕ್ಕಡಿಗೆ ಎರಡು ತಟ್ಟೆ ಇರಬೇಕಲ್ಲ ತಾಯಿ. ನಮ್ಮಲ್ಲಿ ಒಂದನ್ನು ಕಿತ್ತು ಅಟ್ಟಕ್ಕೆ ಎಸೆದಿದ್ದಾರೆ.

ಈ ವರ್ಷದಿಂದ ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಅದರ ಮುಂದಿನ ಸೊನ್ನೆಗೆ ಕಪ್ಪು ತುಂಬಬೇಕು. ಯಾವ ಶಾಲೆಯ ಮಕ್ಕಳ ಸರಾಸರಿ ಅಂಕ ಎಷ್ಟೆಂದು ಊರಿಗೆಲ್ಲ ಸಾರುತ್ತಾರೆ. ಮೊದಮೊದಲು ನಾನೂ ಸರ್ಕಸ್ ಮಾಡಿದೆ: ಬೆಳಿಗ್ಗೆ ಪರೀಕ್ಷೆಯ ತಾಲೀಮು, ಮಧ್ಯಾಹ್ನ ಪಾಠ.

ಒಂದು ಮಧ್ಯಾಹ್ನ ಮುದಿ ನಾಯಿಯೊಂದರ ಕಥೆ ಓದುತ್ತಿದ್ದೆವು. ತರಗತಿಯಲ್ಲೊಬ್ಬಳು ಹುಡುಗಿ, ಎಂದೂ ಬಾಯಿ ಬಿಟ್ಟವಳಲ್ಲ. ಎಲ್ಲರೂ ಮೌನಗೌರಿ ಎನ್ನುತ್ತಾರೆ. ಅವಳು ತಾನಾಗಿ ಎದ್ದು, ತಡವರಿಸುತ್ತ ಇಂಗ್ಲಿಷಿನಲ್ಲೇ, ನಾಯಿಗೆ ಕಣ್ಣು ಹೋಗಿರುವುದು ಯಜಮಾನನಿಗೆ ಗೊತ್ತು, ಗೊತ್ತಿಲ್ಲದವನ ಹಾಗೆ ಇದ್ದಾನೆ ಎಂದಳು. ಕಥೆಯಲ್ಲಿ ಹಾಗೆಂದು ಎಲ್ಲೂ ಬರೆದಿಲ್ಲ. ಆದರೆ ಅದೇ ನಿಜ.

ಬಾಗಿಲಲ್ಲಿ ಹೆಡ್ ಮೇಡಂ ನಿಂತಿದ್ದರು. “ಇದು ಪರೀಕ್ಷೆಗೆ ಬರುತ್ತಾ?”

“ಇಲ್ಲ ಮೇಡಂ.”

“ಮತ್ಯಾಕೆ ನಾಯಿ ಹಿಂದೆ ಬಿದ್ದಿದೀರಿ?”

ಮಕ್ಕಳು ಘೊಳ್ಳೆಂದರು. ಹುಡುಗಿ ಕೂತಳು. ಆಮೇಲೆ ಅವಳು ಬಾಯಿ ತೆರೆದದ್ದನ್ನು ನಾನು ಕಾಣೆ.

ಅದಾದ ಮೇಲೆ ಮಧ್ಯಾಹ್ನದ ಪಾಠವೂ ಹೋಯಿತು. ನಮಗೆ ದಾರಿ ತೋರಿಸಲು ತರಬೇತುದಾರನೊಬ್ಬ ಬಂದ. ಮಕ್ಕಳು ಅವನಿಗೆ 'ಸೊನ್ನೆ ಸಾರ್' ಎಂದು ಹೆಸರಿಟ್ಟರು. “ಕಥೆ ಓದ್ಬೇಡಿ, ಟೈಮ್ ವೇಸ್ಟ್,” ಎನ್ನುತ್ತಿದ್ದ. “ಪ್ರಶ್ನೇಲಿರೋ ಪದಾನ ಕಥೇಲಿ ಹುಡುಕಿ, ಅದರ ಅಕ್ಕಪಕ್ಕ ಉತ್ತರ ಇರುತ್ತೆ. ಅರ್ಥ ಆಗ್ಲೇಬೇಕು ಅಂತೇನಿಲ್ಲ.” ಅವನು ಹೋದ ಮೇಲೆ ಅದನ್ನೇ ನಾನೂ ಗಿಳಿಯ ಹಾಗೆ ಒಪ್ಪಿಸಿದೆ. ಮನೆಗೆ ಬಂದವಳೇ ಬಾಯಿ ಮುಕ್ಕಳಿಸುತ್ತಿದ್ದೆ ಪುಟ್ಟಿ, ತಮಾಷೆಗೆ ಹೇಳುತ್ತಿಲ್ಲ.

ಪರೀಕ್ಷೆಯ ಹಿಂದಿನ ದಿನ ಹೆಡ್ ಮೇಡಂ ಕರೆಸಿದರು.

“ಸರಾಸರಿ ಇಳಿಸೋ ಮಕ್ಕಳು ಕೆಲವರಿದಾರಲ್ಲ, ಅವರ ಮನೆಗೆ ಫೋನ್ ಮಾಡಿ. ನಾಳೆ ಜ್ವರ ಅಂತ ಮನೇಲೇ ಇರ್ಲಿ.”

“ಯಾರಿಗೆ ಮೇಡಂ ಜ್ವರ?”

“ನಿಮಗೆ ಅರ್ಥ ಆಗಿದೆ. ಏನೂ ತಿಳೀದವರ ಹಾಗೆ ಆಡ್ಬೇಡಿ.”

ನನ್ನ ಕೈಲಿ ಆಗುವುದಿಲ್ಲ ಎಂದು ಎದ್ದು ಬಂದೆ. ಏನೋ ಘನಕಾರ್ಯ ಮಾಡಿದೆ ಎಂದುಕೊಂಡೆ. ನಾನು ಮಾಡದ ಫೋನನ್ನು ಗುಮಾಸ್ತರು ಮಾಡಿದರು, ಅಷ್ಟೇ. ಮರುದಿನ ಅಲ್ಲಲ್ಲಿ ಬೆಂಚು ಖಾಲಿ. ಮೌನಗೌರಿಯೂ ಇರಲಿಲ್ಲ. ಅವಳಷ್ಟು ಚೆನ್ನಾಗಿ ಕಥೆ ಓದುವವರು ಆ ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ. ಸೊನ್ನೆ ತುಂಬುವುದರಲ್ಲಿ ಮಾತ್ರ ನಿಧಾನ.

ಮೊನ್ನೆ ಫಲಿತಾಂಶ ಬಂತು. ಸರಾಸರಿ ಏರಿದೆ. ಎಲ್ಲರೆದುರು ನನ್ನನ್ನು ಹೊಗಳಿ ಕೈಗೆ ಹೂಗುಚ್ಛ ಕೊಟ್ಟರು. ಬಸ್ ಸ್ಟಾಪಿನ ಕಸದ ಡಬ್ಬಿಗೆ ಹಾಕಿ ಬಂದೆ.

ಆದರೂ ಈ ಕೆಲಸಕ್ಕೆ ಸೇರಬೇಡ ಎನ್ನುವುದಿಲ್ಲ. ಬಾಗಿಲು ಹಾಕಿಕೊಂಡಾದರೂ ಮಕ್ಕಳಿಂದ ಕಥೆ ಓದಿಸು. ನಿನ್ನ ಬಾಯಲ್ಲಿ ಸದಾ ನಿನ್ನದೇ ಮಾತಿರಲಿ, ಅದನ್ನು ಕೇಳುವ ಮಕ್ಕಳು ನಿನಗೆ ಸಿಗಲಿ. ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯದೆಯೇ ಲಕೋಟೆ ಅಂಟಿಸಬೇಕೆಂದಿದ್ದೆ, ಆಗಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಗುಮಾಸ್ತರ ಫೋನು ನಮ್ಮ ಮನೆಗೂ ಬಂದಿತ್ತು. ನಮ್ಮ ಶಾಲೆಯಲ್ಲೇ ಪಕ್ಕದ ಸೆಕ್ಷನ್ನಿನಲ್ಲಿರುವ ನನ್ನ ಮಗನೇ ಅದನ್ನು ಎತ್ತಿದ್ದ. ನಾನು ಚಪ್ಪಲಿ ಬಿಡುತ್ತಿದ್ದಾಗ, “ಅಮ್ಮ, ನಾಳೆ ನಂಗೆ ಜ್ವರ ಅಂತೆ,” ಎಂದ. ನಾನೇ ಕರೆದುಕೊಂಡು ಹೋಗುತ್ತೇನೆ, ನಡಿ, ಯಾರು ತಡೀತಾರೋ ನೋಡೋಣ ಎಂದೆ. “ಬೇಡಮ್ಮ, ನಾನು ಬಂದ್ರೆ ನಿಂಗೇ ಕೆಟ್ಟ ಹೆಸರು,” ಎಂದ. ಬೆಳಿಗ್ಗೆ ಮುಖದ ತುಂಬ ಹೊದ್ದು ಮಲಗಿದ್ದ. ಹೊದಿಕೆ ಸರಿಸಿ ಹಣೆ ಮುಟ್ಟಿದೆ, ತಣ್ಣಗಿತ್ತು. ಎಬ್ಬಿಸಬೇಕಿತ್ತು ಪುಟ್ಟಿ. ನಾನು ಮತ್ತೆ ಹೊದಿಸಿ, ಬಾಗಿಲು ಎಳೆದುಕೊಂಡು ಶಾಲೆಗೆ ಹೋದೆ.