ಮೇಜಿನ ನಡುವೆ ನಿಂತ ಗೋಡೆ

ಸೆಪ್ಟೆಂಬರ್ 2, ಸೋಮವಾರ, ಸಂಜೆ

ಈ ಭೂಮಿಯ ಮೇಲೆ ನನ್ನಷ್ಟು ನೇರವಾಗಿ ಗರಗಸ ಎಳೆಯುವ ಬಡಗಿ ಇನ್ನೊಬ್ಬ ಹುಟ್ಟಿಲ್ಲ. ಹಿಂದೊಮ್ಮೆ ಮೂರು ದೇಶದ ರಾಜರು ಒಂದೇ ದಿನ ಕಾರು ಕಳಿಸಿದ್ದರು, ಸಿಂಹಾಸನ ಮಾಡಿಕೊಡು ಅಂತ. ಅಂಟು ಇನ್ನೂ ಒಣಗಿಲ್ಲ, ನಾಳೆ ಬನ್ನಿ ಅಂದೆ. ಪಾಪ, ಹೋದರು.

ಇವತ್ತಿನ ಕೆಲಸ — ಟೈಲರ್ ಅಂಗಡಿಯ ಡ್ರಾಯರು. ಸಿಕ್ಕಿಕೊಂಡಿತ್ತು. ಸೋಪು ಸವರಿದೆ, ಜಾರಿತು. ಭಾರೀ ರಿಪೇರಿ ಅಂತ ಮುಖ ಗಂಟಿಕ್ಕಿಕೊಂಡು ಟೀ ಗಿಟ್ಟಿಸಿದೆ.

ಆಮೇಲೆ ಅಕ್ಕನ ಮನೆ. ಮಲಗಿದ್ದಳು. ಕಾಲು ಊದಿದೆ. ಎದೆಯಲ್ಲಿ ನೀರು ತುಂಬುತ್ತಿದೆ ಅಂದರಂತೆ ಡಾಕ್ಟರು. ತಮಾಷೆ ಮಾಡಿದೆ, ನಕ್ಕಳು, ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಕೇಳಿದಳು. ಒಂದೇ ಆಸೆಯಂತೆ. ಮಗನೂ ಮಗಳೂ ಅಕ್ಕಪಕ್ಕ ನಿಂತು, ಒಂದೇ ಮೇಜಿನಲ್ಲಿ, ತನ್ನ ಜೊತೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತಗೋಬೇಕು. ಒಂದೇ ಒಂದು ಸಲ. ಹಳೇ ಚರ್ಚಿನಲ್ಲಿ, ತನ್ನ ಮದುವೆ ಆದ ಜಾಗದಲ್ಲಿ.

ಆ ಜಾಗದಲ್ಲಿ ಈಗ ಗೋಡೆ ಇದೆ. ಹಾಕಿದವನು ನಾನೇ.

ಹನ್ನೊಂದು ವರ್ಷ ಆಯಿತು. ಚರ್ಚಿನಲ್ಲಿ ಜಗಳ — ಹಸುಗೂಸಿಗೇ ದೀಕ್ಷಾಸ್ನಾನ ಕೊಡಬೇಕೋ, ಬುದ್ಧಿ ಬಂದ ಮೇಲೆ ನೀರಲ್ಲಿ ಮುಳುಗಿಸಿ ಕೊಡಬೇಕೋ ಅಂತ. ಸಭೆ ಎರಡಾಯಿತು. ಕಟ್ಟಡ ಒಂದೇ, ಬಿಟ್ಟುಕೊಡಲು ಯಾರೂ ತಯಾರಿಲ್ಲ. ನಡುವೆ ಮರದ ಗೋಡೆ ಹಾಕಪ್ಪಾ ಅಂದರು. ಹಾಕಿದೆ. ನೆಲದಿಂದ ಹಿಡಿದು ಛಾವಣಿಯ ನಡುತೊಲೆಗೆ ತಾಗುವ ತನಕ. ಒಳಗೆ ಗಟ್ಟಿ ಮರದ ಕಂಬಗಳು, ಎರಡೂ ಮುಖಕ್ಕೆ ಪ್ಲೈವುಡ್. ಪ್ರಭುಭೋಜನದ ಮೇಜು ಒಂದೇ ಇತ್ತು, ಒಂದೇ ಹಲಗೆಯದು. ಅದೂ ಇಬ್ಬರಿಗೂ ಬೇಕು. ಕೊಯ್ದೆ. ಸರಿಯಾಗಿ ಅರ್ಧ. ಅರ್ಧಕ್ಕೆ ಎರಡೆರಡು ಕಾಲು, ಬೆನ್ನು ಗೋಡೆಗೆ ಸ್ಕ್ರೂ. ಆಚೆ ಈಚೆ ಅಳೆದು ನೋಡಿದರು. ಕೂದಲಿನಷ್ಟು ವ್ಯತ್ಯಾಸ ಸಿಕ್ಕಲಿಲ್ಲ!

ಅಕ್ಕನ ಮಗ, ನಮ್ಮ ದೊಡ್ಡೋನು, ಎಡಗಡೆ ಸಭೆಯ ಕಾರ್ಯದರ್ಶಿ. ಮಗಳು ಪುಟ್ಟಿ ಮದುವೆಯಾದದ್ದು ಬಲಗಡೆ ಹಾಡು ಹೇಳಿಸುವವನನ್ನ. ಅಣ್ಣ-ತಂಗಿಗೆ ಮಾತಿಲ್ಲ. ನನಗೇನು ತೊಂದರೆ? ಒಂದು ಭಾನುವಾರ ಇವನ ಮನೆ ಊಟ, ಒಂದು ಭಾನುವಾರ ಅವಳ ಮನೆ ಊಟ. ವಾರದ ದಿನ ಅಕ್ಕನ ಮನೆ. ನನ್ನಂಥ ಒಂಟಿ ಗಂಡಸಿಗೆ ಇಷ್ಟು ಸುಖ ಎಲ್ಲುಂಟು.

ಅಕ್ಕ ಅಂದದ್ದು ಇಷ್ಟೇ: "ಕಟ್ಟಿದ್ದು ನೀನಲ್ವೇನೋ. ನೀನೇ ಬಿಚ್ಚು."

ಅರ್ಧ ದಿನದ ಕೆಲಸ ಅಂದೆ. ಹದಿನೈದನೇ ತಾರೀಕು ಭಾನುವಾರಕ್ಕೆ ಮೇಜು ಜೋಡಿಸಿಕೊಟ್ಟೆ ಅಂತಲೇ ತಿಳಿ ಅಂದೆ. ಕಣ್ಣು ಮುಚ್ಚಿ ನಕ್ಕಳು. ಆ ನಗು ನೋಡಿ ಇನ್ನೂ ಸ್ವಲ್ಪ ಜಂಬ ಕೊಚ್ಚಿದೆ.

ಸೆಪ್ಟೆಂಬರ್ 4, ಬುಧವಾರ

ಮೊದಲು ಎಡಗಡೆ ಪಾಸ್ಟರು. ಎತ್ತರದ ಮನುಷ್ಯ, ಮೆತ್ತಗಿನ ದನಿ. ಕೂರಿಸಿ ಸತ್ಯವೇದ ತೆಗೆದರು. ಎಫೆಸದವರಿಗೆ ಬರೆದ ಪತ್ರ, ನಾಲ್ಕನೇ ಅಧ್ಯಾಯ. ದೇಹ ಒಂದೇ, ಆತ್ಮ ಒಂದೇ, ಕರ್ತನೊಬ್ಬನೇ, ದೀಕ್ಷಾಸ್ನಾನ ಒಂದೇ. ಒಂದಾಗಿರುವುದು ನಮ್ಮ ಇಷ್ಟದ ಮಾತಲ್ಲ, ಅಪ್ಪಣೆ ಅಂದರು. ಖುಷಿಯಾಯಿತು. ಹಾಗಾದರೆ ಗೋಡೆ ತೆಗೆಯಲಾ ಅಂದೆ. ದೀಕ್ಷಾಸ್ನಾನ ಒಂದೇ ಅಂತ ಇದೆಯಲ್ಲ, ಅವರು ಒಂದು ಸಲ ಆದವರಿಗೇ ಮತ್ತೆ ಕೊಡ್ತಾರೆ, ಅದು ತಪ್ಪು ಅಂತ ಒಪ್ಪಿಕೊಂಡು ಬರಲಿ ಅಂದರು.

ಅಲ್ಲಿಂದ ಬಲಗಡೆ ಪಾಸ್ಟರು. ಕುಳ್ಳ, ಮಾತು ಮಾತಿಗೂ ಬೆನ್ನು ತಟ್ಟುವವರು. ಅವರೂ ಸತ್ಯವೇದ ತೆಗೆದರು. ಅದೇ ಪತ್ರ, ಅದೇ ಅಧ್ಯಾಯ. ಬೆರಳಿಟ್ಟದ್ದೂ ಅದೇ ಸಾಲಿನ ಮೇಲೆ. ದೀಕ್ಷಾಸ್ನಾನ ಒಂದೇ, ಅದು ನೀರಲ್ಲಿ ಮುಳುಗಿದ್ದು, ಚಿಮುಕಿಸಿದ್ದು ಲೆಕ್ಕಕ್ಕಿಲ್ಲ, ಒಪ್ಪಿಕೊಂಡು ಬರಲಿ ಅಂದರು. ಬೆನ್ನು ತಟ್ಟಿದರು.

ಇಬ್ಬರೂ ಒಗ್ಗಟ್ಟಿನ ಪರ. ಯಾರು ಎದ್ದು ಬರಬೇಕು ಅನ್ನುವುದೊಂದೇ ಬಾಕಿ.

ಅಂಗಡಿಗೆ ಬಂದು ನಾನೇ ಓದಿದೆ. ಹಳ್ಳಿ ಶಾಲೆ ಓದು ನಮ್ಮದು, ಬೆರಳಿಟ್ಟುಕೊಂಡು ನಿಧಾನ. ಆದರೂ ಅವರಿಬ್ಬರ ಬೆರಳು ಹಾರಿಸಿದ ಒಂದು ಸಾಲು ಸಿಕ್ಕಿತು, ಸ್ವಲ್ಪ ಮೇಲೆ. ಒಗ್ಗಟ್ಟನ್ನು ಮಾಡಿಕೊಳ್ಳಿ ಅಂತ ಹೇಳಿಲ್ಲ ಆ ಪತ್ರ ಬರೆದ ಪೌಲ. ಇರುವುದನ್ನು ಕಾಪಾಡಿಕೊಳ್ಳಿ, ತಾಳ್ಮೆಯಿಂದ, ದೀನರಾಗಿ ಅಂತ ಇದೆ. ಅಂದರೆ ಮೊದಲೇ ಇದೆ ಅಂತಾಯಿತು. ಮೇಜು ಮೊದಲೇ ಒಂದಿತ್ತಲ್ಲ, ಹಾಗೆ.

ಇನ್ನೊಂದು ಪತ್ರದಲ್ಲಿ, ನಾನು ಇಂಥವನ ಕಡೆ, ನಾನು ಅಂಥವನ ಕಡೆ ಅಂತ ಕಿತ್ತಾಡುವವರಿಗೆ ಛೀಮಾರಿ ಹಾಕಿದ್ದಾನೆ. ಕ್ರಿಸ್ತನನ್ನೇನು ಪಾಲು ಮಾಡಿಕೊಂಡಿರಾ ಅಂತ. ಓದಿ ಗರಗಸದ ಕಡೆ ನೋಡಿದೆ. ಪುಸ್ತಕ ಮುಚ್ಚಿಟ್ಟೆ.

ಸೆಪ್ಟೆಂಬರ್ 7, ಶನಿವಾರ

ಗೆದ್ದೆ!

ಹೇಗೆ ಅಂದರೆ — ಎಡಗಡೆಯವರಿಗೆ ಹೋಗಿ, ಬಲಗಡೆಯವರು ಆಗಲೇ ಒಪ್ಪಿದ್ದಾರೆ, ನೀವು ಕಲ್ಲು ಮನಸ್ಸಿನವರು ಅನ್ನಿಸಿಕೊಳ್ತೀರಿ ನೋಡಿ ಅಂದೆ. ಬಲಗಡೆಯವರಿಗೆ ಹೋಗಿ ಅದನ್ನೇ ತಿರುಗಿಸಿ ಹೇಳಿದೆ. ಒಂದೇ ಸುಳ್ಳು, ಎರಡು ಕಡೆಗೂ ಸರಿಯಾಗಿ ಕೂತಿತು. ಒಂದು ಭಾನುವಾರದ ಮಟ್ಟಿಗೆ, ಹಾಸಿಗೆ ಹಿಡಿದ ಹಿರಿಯಳಿಗಾಗಿ, ಆಗಲಿ ಅಂದರು ಇಬ್ಬರೂ.

ದೊಡ್ಡೋನು ಮುಖ ಗಂಟು ಹಾಕಿಕೊಂಡ. ಪುಟ್ಟಿ ಅತ್ತಳು. ಆದರೆ ಇಬ್ಬರೂ ಅಮ್ಮನಿಗಾಗಿ ಬರುತ್ತೇವೆ ಅಂದರು.

ಅಕ್ಕ ಬೀರುವಿನಿಂದ ಬಿಳಿ ಸೀರೆ ತೆಗೆಸಿ ಇಸ್ತ್ರಿಗೆ ಕಳಿಸಿದ್ದಾಳೆ. ಕುರ್ಚಿ ಮೇಲೆ ಕೂರಿಸಿ ಎತ್ತಿಕೊಂಡು ಹೋಗುವುದು, ಒಂದು ಕಡೆ ಮಗ, ಒಂದು ಕಡೆ ಅಳಿಯ. ಅದನ್ನೂ ಅವಳೇ ಗೊತ್ತು ಮಾಡಿದ್ದಾಳೆ.

ಸೆಪ್ಟೆಂಬರ್ 11, ಬುಧವಾರ, ಮಧ್ಯಾಹ್ನ

ಏಣಿ ಹಾಕಿದೆ. ಮೇಲಿನ ಪಟ್ಟಿಯ ಸ್ಕ್ರೂ ಬಿಚ್ಚಿದೆ. ಪಟ್ಟಿ ಅಲ್ಲಾಡಲಿಲ್ಲ. ಕಂಬ ಮತ್ತು ತೊಲೆಯ ನಡುವೆ ನಾನು ಹೊಡೆದಿದ್ದ ಬೆಣೆ ಅವತ್ತು ಕೈಯಲ್ಲಿ ಎಳೆದರೆ ಬರುವಂತಿತ್ತು. ಇವತ್ತು ಸುತ್ತಿಗೆಗೂ ಜಗ್ಗುತ್ತಿಲ್ಲ. ಕಚ್ಚಿ ಹಿಡಿದಿದೆ. ಯಾಕೆ?

ಟಾರ್ಚು ಬಿಟ್ಟೆ. ನಡುತೊಲೆಯ ಹೊಟ್ಟೆ ಕೆಳಗೆ ಇಳಿದಿದೆ. ಬೆರಳಿನಿಂದ ತಟ್ಟಿದೆ, ಟೊಳ್ಳು ಸದ್ದು. ಸ್ಕ್ರೂಡ್ರೈವರ್ ಒತ್ತಿದೆ — ಹಿಡಿಯವರೆಗೂ ಒಳಗೆ ಹೋಯಿತು. ಬೆಣ್ಣೆಯ ಹಾಗೆ.

ಛಾವಣಿಯ ನೆತ್ತಿಯಲ್ಲಿ ಎರಡು ಇಳಿಜಾರು ಕೂಡುವ ಕಡೆ ಒಂದು ತಗಡು ಇದೆ. ಅದು ಹರಿದು ಎಷ್ಟೋ ವರ್ಷ. ಎಡಗಡೆಯವರು ತಮ್ಮ ಇಳಿಜಾರಿಗೆ ಬಣ್ಣ ಹೊಡೆಸಿದರು. ಬಲಗಡೆಯವರು ತಮ್ಮ ಇಳಿಜಾರಿಗೆ ಹೊಸ ತಗಡೇ ಹಾಕಿಸಿದರು. ನಡುವಿನ ತಗಡು ಯಾರದೂ ಅಲ್ಲ. ಪ್ರತಿ ಮಳೆಗೂ ನೀರು ಸೀದಾ ತೊಲೆಗೆ.

ತೊಲೆ ಸತ್ತಿದೆ. ಇಷ್ಟು ವರ್ಷ ಛಾವಣಿ ಹೊತ್ತು ನಿಂತಿರುವುದು ನನ್ನ ಗೋಡೆ. ಒಳಗಿನ ಕಂಬಗಳು. ತೆಳ್ಳನೆ ರಿಪೀಸು ಪಟ್ಟಿ ಹೊಡೆದು ಕಾಸು ಉಳಿಸುವ ಬಡಗಿ ಆಗಿದ್ದರೆ ಛಾವಣಿ ಯಾವತ್ತೋ ಕಿರುಗುಟ್ಟಿ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರು. ನಾನು ಚೆನ್ನಾಗಿ ಮಾಡಿಟ್ಟೆ.

ಗೋಡೆ ತೆಗೆದರೆ ಎರಡು ಸಭೆಯ ಮೇಲೂ ಒಟ್ಟಿಗೆ ಬೀಳುತ್ತದೆ.

ಸ್ಕ್ರೂ ವಾಪಸು ಹಾಕಿ ಇಳಿದೆ. ಒಂದು ಮೆಟ್ಟಿಲು ತಪ್ಪಿತು. ಏಣಿ ಸರಿ ಇರಲಿಲ್ಲ.

ಸೆಪ್ಟೆಂಬರ್ 12, ಗುರುವಾರ

ಹೊಸ ತೊಲೆ ತಂದರೆ, ಕೆಳಗೆ ಜಾಕು ಕೊಟ್ಟು ಏರಿಸಿ ಎರಡು ದಿನದಲ್ಲಿ ಕೂರಿಸಬಹುದು. ಎರಡೂ ಕಡೆಯಿಂದ ಅಪ್ಪಣೆ ಬೇಕು. ಮರದ ಡಿಪೋದಲ್ಲಿ ತೊಲೆಗೆ ಹೇಳಿಬಂದೆ. ಜಾಕು ಬಾಡಿಗೆಗೆ. ನನ್ನ ಕೈಯಿಂದಲೇ. ಚಿಲ್ಲರೆ ಖರ್ಚು, ಬರೆಯುವಷ್ಟಿಲ್ಲ.

ಸಂಜೆ ಎರಡೂ ಕಡೆಯ ಹಿರಿಯರನ್ನು ಅಂಗಳದಲ್ಲಿ ಸೇರಿಸಿ ವಿಷಯ ಹೇಳಿದೆ. ಮೊದಲ ಪ್ರಶ್ನೆ — ಕೊಳೆತದ್ದು ಯಾವ ಕಡೆಯಿಂದ ಶುರು? ಎಡದಿಂದಲಾ, ಬಲದಿಂದಲಾ? ನಡುವಿನಿಂದ ಅಂದೆ. ಅದು ಹೇಗಾಗುತ್ತೆ ಅಂದರು.

ಎರಡನೇ ಪ್ರಶ್ನೆ ಬಲಗಡೆ ಪಾಸ್ಟರದು, ಎಡಗಡೆಯವರಿಗೆ. ನೀವು ಮೊದಲು ಒಪ್ಪಿದಿರಂತಲ್ಲ, ಅದಕ್ಕೇ ನಾವು ಒಪ್ಪಿದ್ದು. ಎಡಗಡೆಯವರು — ನಾವೆಲ್ಲಿ ಒಪ್ಪಿದ್ವಿ, ನೀವಲ್ವಾ ಮೊದಲು?

ಎಲ್ಲರೂ ನನ್ನ ಕಡೆ ತಿರುಗಿದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಎರಡು ಸಭೆ ಒಂದೇ ಮನಸ್ಸಿನಿಂದ ಒಂದು ಕೆಲಸ ಮಾಡಿತು. ನನ್ನನ್ನು ಬೈಯಿತು. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಹಿಡಿದುಕೊಂಡರು, ಎಷ್ಟು ಹೊಂದಾಣಿಕೆ. ಬೈಗುಳ ಮುಗಿದ ಮೇಲೆ ಅವರವರ ಬಾಗಿಲಿನಿಂದ ಒಳಗೆ ಹೋದರು. ಗೋಡೆ ಮುಟ್ಟಕೂಡದು ಅಂತ ಎರಡೂ ಕಡೆ ಚೀಟಿ ಅಂಟಿಸಿದ್ದಾರೆ. ಒಕ್ಕಣೆ ಬೇರೆ ಬೇರೆ.

ದೊಡ್ಡೋನು ಹಿಂದೆಯೇ ಬಂದು, ಸುಳ್ಳು ಹೇಳಿ ನನ್ನ ಮಾನ ಕಳೆದಿರಿ ಮಾವ ಅಂದ. ಪುಟ್ಟಿ ಗಂಡನ ಜೊತೆ ಹೊರಟುಹೋದಳು.

ಸೆಪ್ಟೆಂಬರ್ 15, ಭಾನುವಾರ

ಅಕ್ಕ ಬೆಳಿಗ್ಗೆಯೇ ಬಿಳಿ ಸೀರೆ ಉಡಿಸಿಕೊಂಡು ದಿಂಬಿಗೆ ಒರಗಿ ಕೂತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ನನಗೆ ಬಿಟ್ಟಿದ್ದರು. ಬಿಚ್ಚಿದೆಯಾ ಅಂದಳು.

ಅಂಟು ಒಣಗಿಲ್ಲ, ಮುಂದಿನ ವಾರ ಅನ್ನೋಣ ಅಂತ ಬಾಯಿ ತೆಗೆದೆ. ಬರಲಿಲ್ಲ. ಪೂರ್ತಿ ಹೇಳಿಬಿಟ್ಟೆ. ತೊಲೆ, ತಗಡು, ಬೆಣೆ, ಎಲ್ಲ. ಗೋಡೆ ತೆಗೆದರೆ ಛಾವಣಿ ಕುಸಿಯುತ್ತೆ ಅಂತ.

ಸೀರೆಯ ನೆರಿಗೆ ಸವರಿಕೊಂಡಳು. ಆಮೇಲೆ,

"ಹಾಗಾದ್ರೆ ಬಿಡು. ಮಕ್ಕಳ ತಲೆ ಮೇಲೆ ಬಿದ್ದೀತು."

ಅಷ್ಟೇ. ಸೀರೆ ಬದಲಾಯಿಸಲು ಪಕ್ಕದ ಮನೆಯವಳನ್ನು ಕರೆ ಅಂದಳು. ಇಸ್ತ್ರಿ ಹಾಳಾಗುತ್ತೆ ಅಂತೆ.

ಎಡಗಡೆ ಪಾಸ್ಟರು ಮನೆಗೇ ಬಂದು ರೊಟ್ಟಿ ಕೊಡುತ್ತಾರೆ, ಪುಟ್ಟಿಗೆ ಕೊಡಲಾರರು. ಬಲಗಡೆಯವರೂ ಬರುತ್ತಾರೆ, ದೊಡ್ಡೋನಿಗೆ ಕೊಡಲಾರರು. ಎರಡೂ ಬೇಡ, ಕಾಯ್ತೀನಿ ಅಂದಳು. ಯಾವುದಕ್ಕೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಡಿಪೋದಿಂದ ತೊಲೆ ಬಂತು. ಅಂಗಡಿ ಮುಂದೆ ಇಳಿಸಿದರು. ಒಳಗೆ ಹಿಡಿಯುವುದಿಲ್ಲ, ಅರ್ಧ ರಸ್ತೆಗೆ ಚಾಚಿದೆ. ದಾಟುವವರೆಲ್ಲ ಬೈಯುತ್ತಾರೆ.

ಸತ್ಯವೇದದಲ್ಲಿ ಯೋಹಾನ ಬರೆದದ್ದು ಓದಿದೆ, ಹದಿನೇಳನೇ ಅಧ್ಯಾಯ. ಸಾಯುವ ಹಿಂದಿನ ರಾತ್ರಿ ಕರ್ತನು ತಂದೆಯ ಹತ್ತಿರ ಕೇಳಿಕೊಂಡದ್ದು. ನಾವಿಬ್ಬರು ಹೇಗೆ ಒಂದೋ ಇವರೆಲ್ಲ ಹಾಗೆ ಒಂದಾಗಿರಲಿ, ಅದನ್ನು ನೋಡಿ ಲೋಕ ನಂಬಲಿ ಅಂತ. ಆಜ್ಞೆ ಮಾಡಬಹುದಿತ್ತು. ಬೇಡಿಕೊಂಡಿದ್ದಾನೆ. ಅವನ ಬೇಡಿಕೆಯೇ ಇನ್ನೂ ಬಾಕಿ ಇದೆ. ಸ್ಕ್ರೂಡ್ರೈವರ್ ಹಿಡಿದ ನಾನು ಯಾವ ಮೂಲೆ.

ಸೆಪ್ಟೆಂಬರ್ 19

ಅಕ್ಕ ಹೋದಳು. ಬೆಳಗಿನ ಜಾವ.

ಸೆಪ್ಟೆಂಬರ್ 21, ಶನಿವಾರ

ಪೆಟ್ಟಿಗೆ ನಾನೇ ಮಾಡಿದೆ. ಮೂಲೆಗಳಿಗೆ ಮೊಳೆ ಹೊಡೆಯಲಿಲ್ಲ, ಮರಕ್ಕೆ ಮರ ಕಚ್ಚು ಕೂರಿಸಿದೆ. ಯಾರೂ ಗಮನಿಸಲಿಲ್ಲ.

ಎಡಗಡೆ ಆರಾಧನೆ ಹತ್ತಕ್ಕೆ. ದೊಡ್ಡೋನು ಮುಂದಿನ ಬೆಂಚು. ಮುಗಿದ ಮೇಲೆ ಪೆಟ್ಟಿಗೆ ಎತ್ತಿ ಆ ಬಾಗಿಲಿನಿಂದ ಹೊರಗೆ, ಅಂಗಳ ದಾಟಿ, ಈ ಬಾಗಿಲಿನಿಂದ ಒಳಗೆ. ಬಲಗಡೆ ಆರಾಧನೆ. ಪುಟ್ಟಿ ಮುಂದಿನ ಬೆಂಚು. ಅಂಗಳದಲ್ಲಿ ಹೊರುವವರು ಬದಲಾಗಬೇಕಲ್ಲ. ಪೆಟ್ಟಿಗೆ ಸ್ವಲ್ಪ ಹೊತ್ತು ನೆಲದ ಮೇಲೆ. ಇವರು ಬಿಟ್ಟು ಹೋದರು, ಅವರು ಇನ್ನೂ ಬಂದಿರಲಿಲ್ಲ. ಅಷ್ಟು ಹೊತ್ತು ಅಕ್ಕನ ಪಕ್ಕ ನಾನೊಬ್ಬನೇ. ಏನಾದರೂ ತಮಾಷೆ ಹೇಳೋಣ ಅನ್ನಿಸಿತು. ಹೊಳೆಯಲಿಲ್ಲ.

ಎರಡೂ ಕಡೆ ಓದಿದ್ದು ಅದೇ ಹದಿನೇಳನೇ ಅಧ್ಯಾಯ. ಎರಡೂ ಕಡೆ ಪೆಟ್ಟಿಗೆ ಇಟ್ಟದ್ದು ಮೇಜಿನ ಮುಂದೆ. ಇಲ್ಲಿ ಅರ್ಧ, ಅಲ್ಲಿ ಅರ್ಧ.

ಮಣ್ಣು ಹಾಕಿದ ಮೇಲೆ ಪುಟ್ಟಿ ನನ್ನ ಹತ್ತಿರ ಬಂದಳು. ಸಮಾಧಾನ ಹೇಳೋಣ ಅಂತ ಕೈ ಚಾಚಿದೆ.

"ಅಮ್ಮ ಹನ್ನೊಂದು ವರ್ಷ ಏನೂ ಕೇಳದೆ ಸುಮ್ಮನಿದ್ದಳು, ಮಾವ. ಆಗುತ್ತೆ ಅಂತ ಆಸೆ ಹುಟ್ಟಿಸಿದ್ದು ನೀನು."

ಆ ಕಡೆ ನಿಂತಿದ್ದ ದೊಡ್ಡೋನು ತಲೆ ಆಡಿಸಿದ. ಹೌದು ಅನ್ನುವ ಹಾಗೆ. ಅಣ್ಣ-ತಂಗಿ ಒಬ್ಬರನ್ನೊಬ್ಬರು ನೋಡಿದರು, ಒಂದು ಗಳಿಗೆ. ಆಮೇಲೆ ಅವನು ಆ ಗೇಟು, ಅವಳು ಈ ಗೇಟು.

ಅಕ್ಟೋಬರ್ 13, ಭಾನುವಾರ, ಮಧ್ಯಾಹ್ನ

ಬಹಳ ದಿನ ಬರೆದಿಲ್ಲ. ಕೆಲಸ ಜಾಸ್ತಿ. ಸುಳ್ಳು. ಕೆಲಸ ಇಲ್ಲ.

ತೊಲೆ ರಸ್ತೆಯಲ್ಲೇ ಇದೆ. ಬಿಸಿಲಿಗೆ ತುದಿ ಸೀಳುತ್ತಿದೆ. ಸೀಳಿದ ಬಾಯಿಗೆ ಬಣ್ಣ ಬಳಿದೆ. ಡಿಪೋದವನು ವಾಪಸು ತಗೊಳ್ಳುವುದಿಲ್ಲ ಅಂದ. ಎರಡು ಸಭೆಗೂ ಹೇಳಿ ಕಳಿಸಿದ್ದೇನೆ, ಪುಕ್ಕಟೆ ಕೊಡುತ್ತೇನೆ, ಕೂರಿಸಿಯೂ ಕೊಡುತ್ತೇನೆ, ಗೋಡೆ ಇರಲಿ ಬೇಕಾದರೆ, ಮುಂದಿನ ಮಳೆಗೆ ಮುಂಚೆ ಒಪ್ಪಿ ಅಂತ. ಆಲೋಚಿಸುತ್ತೇವೆ ಅಂದಿದ್ದಾರೆ ಇಬ್ಬರೂ, ಬೇರೆ ಬೇರೆಯಾಗಿ.

ಇವತ್ತು ಲೆಕ್ಕದ ಪ್ರಕಾರ ಪುಟ್ಟಿ ಮನೆಯ ಭಾನುವಾರ. ಶರ್ಟು ಬದಲಾಯಿಸಿ ಕೂತೆ. ಕರೆ ಬರಲಿಲ್ಲ. ಹೋದ ವಾರ ದೊಡ್ಡೋನ ಮನೆಯದು, ಅದೂ ಬರಲಿಲ್ಲ. ಬ್ರೆಡ್ಡು ತಂದು ತಿಂದೆ. ಅರ್ಧ ಉಳಿಯಿತು.

ಖರ್ಚನ್ನು ಚಿಲ್ಲರೆ ಅಂತ ಬರೆದಿದ್ದೆ ಅಲ್ಲಿ ಮೇಲೆ. ಅದು ಹೋಗಲಿ, ದುಡಿದರೆ ಬರುತ್ತೆ. ನಿಜವಾದ ಲೆಕ್ಕ ಒಂದು ಸಲ ಬರೆದುಬಿಡೋಣ, ಯಾರೂ ಓದುವುದಿಲ್ಲ. ಗೋಡೆ ಹಾಕುವ ಮೊದಲು ಆ ಮೇಜಿನ ಮುಂದೆ ನಾವೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಮೊದಲು ಅಕ್ಕ. ಆಮೇಲೆ ದೊಡ್ಡೋನು. ಪುಟ್ಟಿ. ಆ ಸಾಲಿನಿಂದ ಮೂರು ಜನ ಹೋದರು ಅಂತ ಬರೆದೆ ಮೊದಲು. ಹೊಡೆದುಹಾಕಿದೆ. ಮೂರಲ್ಲ. ಎಡಗಡೆಯೂ ಕೂರದೆ ಬಲಗಡೆಯೂ ಕೂರದೆ, ಎರಡೂ ಕಡೆಯವನು ನಾನು ಅಂತ ಜಂಬ ಕೊಚ್ಚಿಕೊಂಡು, ಇಷ್ಟು ವರ್ಷ ಆ ರೊಟ್ಟಿಯ ಒಂದು ಚೂರೂ ತಿನ್ನದವನನ್ನೂ ಸೇರಿಸಿದರೆ ಒಟ್ಟು ನಾಲ್ಕು.