ಡೆಲ್ ಬರುವವರೆಗೆ ಒಂದು ಪ್ಲಾಸ್ಟಿಕ್ ಹಿಡಿ

ಗ್ರೇಬುಲ್, ವಯೋಮಿಂಗ್
ಸೆಪ್ಟೆಂಬರ್ ೨೪, ಮಂಗಳವಾರ

ಮಗನೇ ಡೆಲ್,

ಹೇಗಿದ್ದೀಯಾ? ಹಲ್ಲುನೋವು ಇಳಿಯಿತೇ? ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು ಅಂತ ಹೋದ ಕಾಗದದಲ್ಲೇ ಬರೆದಿದ್ದೆ, ನೀನು ಮಾಡಿರುವುದಿಲ್ಲ, ನನಗೆ ಗೊತ್ತು. ಈ ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಜೈಲಿನವರಿಗೂ ಒಂದು ಮಾತು: ಇದರಲ್ಲಿ ಕೋವಿಯ ವಿಷಯ ಬರುತ್ತದೆ, ಗಾಬರಿಯಾಗಬೇಡಿ, ಬರೆಯುತ್ತಿರುವವಳು ಮಂಡಿನೋವಿನ ಮುದುಕಿ. ಇಲ್ಲಿ ನಾವು ಮೂವರೂ ಸೌಖ್ಯ.

ನಿನ್ನ ಮಗಳು ಬೇಟೆಯ ಸುರಕ್ಷತಾ ಪರೀಕ್ಷೆಯಲ್ಲಿ ಪಾಸಾದಳು. ಹನ್ನೆರಡು ತುಂಬಿತಲ್ಲ, ಅಕ್ಟೋಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರುವಾದರೆ ಮಾರೆನ್ ಅಜ್ಜನ ಜೊತೆ ಬೆಟ್ಟ ಹತ್ತುತ್ತಾಳೆ. ತೊಡಕಿದ್ದದ್ದು ಕೋವಿಯದು. ನಿಮ್ಮಪ್ಪ ನಿನಗೆಂದು ಕಟ್ಟುತ್ತಿದ್ದರಲ್ಲ, ಅದರ ನಳಿಗೆ, ಬೆರಳಲ್ಲಿ ಎಳೆಯುವ ಕುದುರೆ ಎಲ್ಲ ಕೂಡಿಸಿ ನಾಲ್ಕು ವರ್ಷವಾಯಿತು. ಭುಜಕ್ಕೆ ಆನಿಸುವ ಹಿಡಿಯೊಂದೇ ಬಾಕಿ. ನಿನ್ನ ಹದಿನೆಂಟನೇ ಹುಟ್ಟುಹಬ್ಬಕ್ಕೆ ತಂದ ಅಕ್ರೋಟಿನ ಹಲಗೆ ಇನ್ನೂ ನಮ್ಮ ಮಂಚದ ಕೆಳಗಿದೆ, ಕಸ ಗುಡಿಸುವಾಗಲೆಲ್ಲ ಕಾಲಿಗೆ ತಾಗುತ್ತದೆ. ಒಳ್ಳೆಯ ಹಿಡಿಯನ್ನು ಅಂಗಿ ಹೊಲಿದಂತೆ ಒಬ್ಬರ ತೋಳಿಗೆ ಅಳೆದು ಕೆತ್ತಬೇಕು, ಮಾರೆನ್ ತೋಳಿಗೆ ಕೆತ್ತಿದರೆ ಆ ಹಲಗೆ ನಿನಗಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು, "ಆ ಹಲಗೆ ಸುದ್ದಿಗೆ ಬರ್ಬೇಡ, ಅದು ಡೆಲ್‌ದು" ಅಂದರು. ಬಾರಿನ ಮುಂದೆ ನೀನು ಆ ಮನುಷ್ಯನ ಕಾಲಿಗೆ ಗುಂಡು ಹೊಡೆದದ್ದಕ್ಕೆ ತೀರ್ಪು ಓದಿದ ದಿನ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಹೊರಗೆ ಬಂದ ಮೇಲೂ ನೀನು ಜೀವಮಾನದಲ್ಲಿ ಕೋವಿ ಮುಟ್ಟುವಂತಿಲ್ಲ ಅಂದದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು. ಆ ಕಿವಿಗಳಿಗೇನೂ ಆಗಿಲ್ಲ, ನಾನು ಕೆಲಸ ಹೇಳಿದಾಗ ಮಾತ್ರ ಮಂದವಾಗುತ್ತವೆ.

ಸರಿ, ತಾತ್ಕಾಲಿಕಕ್ಕೆ ಅಂತ ಅಗ್ಗದ ಹಿಡಿಯ ಹುಡುಕಾಟ ಶುರುವಾಯಿತು. ಮೂರು ವಾರ ಅಡುಗೆಮನೆಯ ಮೇಜು ನನ್ನದಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಕಂಡ ಒಂದೊಂದಕ್ಕೂ ಒಂದೊಂದು ತಕರಾರು. ಇದರ ಬೆಲೆ ನಮ್ಮ ಪಿಕಪ್ಪಿಗಿಂತ ಜಾಸ್ತಿ, ಅದಕ್ಕೆ ನಮ್ಮ ದಪ್ಪ ನಳಿಗೆ ಕೂರುವುದಿಲ್ಲ, ಮತ್ತೊಂದು ಎಡಗೈಯವರದ್ದು. ಕೊನೆಗೆ ವರ್ಲೆಂಡಿನ ಗಿರವಿ ಅಂಗಡಿಗೆ ಹೋದೆವು. ಮೂಲೆಯ ಡಬ್ಬದಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಹಿಡಿ ಬಿದ್ದಿತ್ತು, ಯಾರೋ ತಮ್ಮ ಮಗುವಿಗೆಂದು ಹಿಂದಿನ ತುದಿ ಕತ್ತರಿಸಿದ್ದರು. ಪ್ಲಾಸ್ಟಿಕ್ಕಂದರೆ ಬಕೆಟ್ ಮಾಡುವ ಸಾಮಾನು ಅಂತ ಊರೆಲ್ಲ ಸಾರಿಕೊಂಡು ಬಂದ ಮನುಷ್ಯ ಅದನ್ನು ಎತ್ತಿ ಭುಜಕ್ಕೆ ಇಟ್ಟು ನೋಡುತ್ತಿದ್ದರು. ಅಂಗಡಿಯ ಮರ್ಲ್ ಬಿಡುತ್ತಾನೆಯೇ? "ಏನ್ ಆರ್ವಿಡ್, ಕೊನೆಗೂ ಬಕೆಟ್ ಕೊಳ್ಳೋಕೆ ಬಂದ್ಯಾ?" ಅಂದ. ಇವರು ತಲೆ ಎತ್ತದೆ, "ಇದು ಈಗಿನ ಮಟ್ಟಿಗೆ ಕಣಯ್ಯ. ನನ್ನ ಮಗ ಬರೋವರೆಗೆ" ಅಂದರು. ಮರ್ಲ್ ನನ್ನ ಮುಖ ನೋಡಿದ. ಅವನಿಗೂ ಕಾನೂನು ಗೊತ್ತು, ದಿನಾ ಕೋವಿ ಮಾರುವವನು. ಎಪ್ಪತ್ತು ಡಾಲರಿನ ಚೀಟಿ ಕಿತ್ತು, "ನಲವತ್ತು ಕೊಟ್ಟು ತಗೊಂಡೋಗು" ಅಂತ ಬೇರೆ ಗಿರಾಕಿಯ ಕಡೆ ಹೋದ. ಬರುವಾಗ ದಾರಿಯಲ್ಲಿ ನನಗೆ ಅಳು ಬಂತು. ಬಿಸಿಲು ಕಣ್ಣಿಗೆ ಹೊಡೀತಿದೆ ಅಂದೆ.

ನಳಿಗೆ ಕೂರುವಂತೆ ಅದನ್ನು ಉಜ್ಜಿ ಸರಿಮಾಡಲು ನಾಲ್ಕು ದಿನ ಹಿಡಿಯಿತು. ಭಾನುವಾರ ಮಾರೆನ್ ಮೂರು ಗುಂಡು ಹೊಡೆದಳು, ಮೂರೂ ನಾನು ಪೈ ಮಾಡುವ ತಟ್ಟೆಯಷ್ಟು ಜಾಗದಲ್ಲಿ. ಅಜ್ಜನ ಮುಖ ನೋಡಬೇಕಿತ್ತು ನೀನು. ಆಮೇಲೆ ಅವಳು ಒಳಗೆ ಬಂದು ನನ್ನ ಪಕ್ಕ ಬಟಾಣಿ ಸುಲಿಯಲು ಕೂತು, "ಅಜ್ಜೀ, ಅಪ್ಪ ಬರೋವರೆಗೆ ಮಾತ್ರ ಈ ಕೋವಿ ನನ್ದಂತೆ. ಅಪ್ಪ ಬೇಗ ಬರ್ಲಿ ಅಂತ ನಂಗೂ ಇದೆ. ಆದ್ರೆ ಇದನ್ನ ಕೊಡೋಕೆ ಮನಸೇ ಇಲ್ಲ. ನಾನು ಕೆಟ್ಟವಳಾ?" ಅಂತ ಕೇಳಿದಳು. ಬಟಾಣಿ ನೆಲಕ್ಕೆ ಬೀಳ್ತಿದೆ ನೋಡು ಅಂತ ಗದರಿದೆ.

ಚಳಿ ಶುರುವಾಗಿದೆ, ಕಾಲುಚೀಲ ಹಾಕಿಕೊಂಡು ಮಲಗು. ಆ ದೇವರು ನಿನ್ನನ್ನು ನೋಡಿಕೊಳ್ಳಲಿ, ನನ್ನ ಕೈಗೆ ಎಟುಕದ ಜಾಗದಲ್ಲಿದ್ದೀಯಲ್ಲ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಇಷ್ಟು ಹೊತ್ತು ಬರೆಯಲು ಧೈರ್ಯ ಬರಲಿಲ್ಲ. ನಿಮ್ಮಪ್ಪನ ಬೆರಳುಗಳು ಈಗ ಬೆಳಿಗ್ಗೆ ಮಡಚುವುದೇ ಇಲ್ಲ, ನನ್ನಿಂದಲೇ ಗುಂಡಿ ಹಾಕಿಸಿಕೊಳ್ಳುತ್ತಾರೆ. ಈ ಚಳಿಗಾಲದಲ್ಲಿ ಉಳಿ ಹಿಡಿದರೆ ಹಿಡಿದರು, ಮುಂದಿನ ವರ್ಷ ಆಗದು. ಹಲಗೆಯನ್ನು ಮಾರೆನ್‌ಗೆ ಕೆತ್ತಿ ಅಂತ ನಾನು ಹೇಳಿದರೆ ಮಗನ ಆಸೆ ಬಿಟ್ಟಳು ಅಂದುಕೊಳ್ಳುತ್ತಾರೆ. ನೀನೇ ಹೇಳಬೇಕು. ಅವಳು ಮಲಗಿದ್ದಾಗ ತೋಳು ಅಳೆದಿದ್ದೇನೆ, ಮೊಣಕೈ ಮಡಿಕೆಯಿಂದ ಕುದುರೆ ಎಳೆಯುವ ಬೆರಳಿನವರೆಗೆ ಹನ್ನೆರಡೂ ಕಾಲು ಅಂಗುಲ. ಆ ಅಳತೆಯನ್ನು ನಿನ್ನ ಕೈಯಲ್ಲೇ ಬರೆದು, ನಿಮ್ಮಪ್ಪನ ಹೆಸರಿಗೆ ಕಳುಹಿಸು.