ಬೆಳವಗಳ ಪಂಕ್ತಿ

ಅವ್ವಾ,

ಇಂದು ಬೆಳಿಗ್ಗೆ ನಾವಿಬ್ಬರೂ ತೇರದಾಳದಿಂದ ಬನಹಟ್ಟಿಗೆ ಬೈಕಿನಲ್ಲಿ ಬರುತ್ತಿದ್ದೆವು. ಯಾವುದೋ ಟ್ರ್ಯಾಕ್ಟರಿನಿಂದ ರಸ್ತೆಯ ಮೇಲೆ ಜೋಳ ಚೆಲ್ಲಿತ್ತು. ತಿನ್ನಲು ಇಳಿದ ಬೆಳವ ಹಕ್ಕಿಯೊಂದು ಗಾಡಿಗೆ ಸಿಕ್ಕಿ ಸತ್ತಿತ್ತು. ಉಳಿದ ಬೆಳವಗಳು ಅದರ ಪಕ್ಕದಲ್ಲೇ ಕಾಳು ಹೆಕ್ಕುತ್ತಿದ್ದವು.

ನಮ್ಮ ಮದುವೆ ಒಪ್ಪದೆ ನೀನು ಬದುಕಿರುವತನಕ ನಿನ್ನ ಮನೆಗೆ ಕರೆಯದ ನಿನ್ನ ಅಳಿಯ ಸೋಮಲಿಂಗ ಬೈಕು ನಿಲ್ಲಿಸಿದರು. ಸತ್ತ ಹಕ್ಕಿಯನ್ನು ಬದುವಿನಲ್ಲಿ ಮಲಗಿಸಿ, ಟವೆಲ್ಲಿನಿಂದ ಜೋಳವನ್ನು ಹೊಲದ ಕಡೆ ಗುಡಿಸತೊಡಗಿದರು. ನಾನೂ ಸೆರಗು ಸಿಕ್ಕಿಸಿ ಕೈಹಚ್ಚಿದೆ.

ಲಾರಿಯೊಂದು ಬಂದು ನಿಂತಿತು. “ಏನ್ ಕಳಕೊಂಡೀರಿ, ಅಣ್ಣಾರ?” ಎಂದ ಡ್ರೈವರ್.

“ಏನಿಲ್ರಿ. ಇವುಗಳ ಊಟದ ಪಂಕ್ತಿ ಹೊಲದಾಗ ಹಾಕಾಕತ್ತೇವಿ,” ಎಂದರು ಇವರು.

ಆತ ನಕ್ಕು, ಎಂಜಿನ್ ಆರಿಸಿ, ನಾವು ಮುಗಿಸುವತನಕ ಕಾದ. ಬೆಳವಗಳು ಒಂದೊಂದಾಗಿ ಹೊಲಕ್ಕಿಳಿದವು.

ನಾನು ಸುಖವಾಗಿದ್ದೇನೆ, ಅವ್ವಾ. ನಿನ್ನ ಮನೆಯ ಕಟ್ಟೆಯ ಮೇಲೆ ನಿನ್ನ ಪಕ್ಕ ಕೂತು ಇದನ್ನು ಹೇಳುವುದೊಂದು ಉಳಿದುಹೋಯಿತು.

ನಿನ್ನ ಶ್ರೀದೇವಿ